ಅಮೆರಿಕದಲ್ಲಿರುವ ಮಕ್ಕಳ ಹೆಸರು, ಊರಿನ ಎಫ್‌ಡಿ

ಅಮೆರಿಕದಲ್ಲಿ ಕೆಲಸಕ್ಕಿರುವ ಮಗನ ಹೆಸರನ್ನೋ ಮಗಳ ಹೆಸರನ್ನೋ ಊರಿನ ಎಫ್‌ಡಿಗೆ ಜಂಟಿಯಾಗಿ ಸೇರಿಸುವ ಮುಂಚೆ ಅವರಿಗೊಂದು ಮಾತು ಹೇಳಿ. ತೆರಿಗೆಯ ಸಮಯ ಬಂತೆಂದರೆ ಇಲ್ಲಿ ಅಮೆರಿಕದಲ್ಲಿರುವ ನಮ್ಮವರಲ್ಲಿ ಇದೇ ಮಾತು ಎದ್ದೇಳುತ್ತದೆ. ಅದಕ್ಕೇ ಊರಲ್ಲಿರುವವರಿಗೆ ನೇರವಾಗಿ ಬರೆಯುತ್ತಿದ್ದೇನೆ.

ಬರೀ ಸಂಬಳವಾದರೆ ಇಲ್ಲಿ ರಿಟರ್ನ್ ಹಾಕುವುದು ಕಷ್ಟವಲ್ಲ. ಕಂಪನಿಯೇ ಪ್ರತಿ ಸಂಬಳದಲ್ಲೂ ತೆರಿಗೆ ಮುರಿದುಕೊಂಡು, ಜನವರಿ ಕೊನೆಯೊಳಗೆ ಡಬ್ಲ್ಯೂ-2 ಕೊಡುತ್ತದೆ. ನಮ್ಮ ಫಾರ್ಮ್ 16 ಇದ್ದ ಹಾಗೆ. ಅದನ್ನು ನೋಡಿಕೊಂಡು ಫಾರ್ಮ್ 1040 ತುಂಬಿ ಏಪ್ರಿಲ್ 15ರೊಳಗೆ ಸಲ್ಲಿಸಬೇಕು. ಬೇಕಿದ್ದರೆ ಅಕ್ಟೋಬರ್ 15ರವರೆಗೆ ಗಡುವು ಕೇಳಬಹುದು. ಆದರೆ ಗಡುವು ಸಿಗುವುದು ಕಾಗದಪತ್ರಕ್ಕೆ ಮಾತ್ರ, ಬಾಕಿ ದುಡ್ಡನ್ನು ಏಪ್ರಿಲ್‌ನಲ್ಲೇ ಕಟ್ಟಬೇಕು.

ತೊಡಕೆಲ್ಲ ಊರಿನ ದುಡ್ಡಿನದು. ಈ ವರ್ಷ ಇಲ್ಲಿದ್ದ ದಿನಗಳು, ಹೋದ ವರ್ಷದ ದಿನಗಳಲ್ಲಿ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ್ದರಲ್ಲಿ ಆರನೇ ಒಂದು ಪಾಲು, ಮೂರನ್ನೂ ಕೂಡಿ 183 ಆದರೆ (ಈ ವರ್ಷದ್ದು ಕನಿಷ್ಠ 31 ಇರಬೇಕು) ಎಚ್-1ಬಿ ಎಂಬ ಕೆಲಸದ ವೀಸಾದವರು ತೆರಿಗೆಯ ಲೆಕ್ಕಕ್ಕೆ ಇಲ್ಲಿನ ನಿವಾಸಿಗಳು. ಆಮೇಲೆ ಪ್ರಪಂಚದಲ್ಲಿ ಎಲ್ಲಿ ಬಡ್ಡಿ ಬಂದರೂ, ಬಾಡಿಗೆ ಬಂದರೂ 1040ರಲ್ಲಿ ತೋರಿಸಬೇಕು. ಎನ್‌ಆರ್‌ಇ ಖಾತೆಯ (ಹೊರದೇಶದಲ್ಲಿ ದುಡಿದದ್ದನ್ನು ಊರಿನ ಬ್ಯಾಂಕಿನಲ್ಲಿಡುವ ಖಾತೆ) ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಇಲ್ಲಿ ಉಂಟು. ಎನ್‌ಆರ್‌ಒ ಖಾತೆಯ (ಹೊರದೇಶದಲ್ಲಿರುವವರು ಭಾರತದ ಆದಾಯವನ್ನು ಇಡುವ ಖಾತೆ) ಬಡ್ಡಿಗೆ ಅಲ್ಲಿನ ಬ್ಯಾಂಕು ಶೇ. 30ರಷ್ಟು ಟಿಡಿಎಸ್ ಹಿಡಿಯುತ್ತದೆ. ಎರಡು ದೇಶಗಳ ಒಪ್ಪಂದದಲ್ಲಿರುವುದು ಶೇ. 15. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಸಿಗುವ ವಿನಾಯಿತಿಯೂ ಅಷ್ಟಕ್ಕೇ. ಮಿಕ್ಕಿದ್ದನ್ನು ಭಾರತದಲ್ಲಿ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. ಓದಲು ಬಂದ ಎಫ್-1 ಮಕ್ಕಳಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಇದ್ಯಾವುದೂ ಅಂಟುವುದಿಲ್ಲ. ಅವರದು ನಿವಾಸಿಗಳಲ್ಲದವರ ಫಾರ್ಮ್ 1040-ಎನ್‌ಆರ್, ಬೇರೆಯೇ ಲೆಕ್ಕ.

ಇನ್ನು ಎಫ್‌ಬಿಎಆರ್, ಅಂದರೆ ಹೊರದೇಶದ ಖಾತೆಗಳ ವರದಿ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಅಷ್ಟೂ ಖಾತೆಗಳ ವಿವರವನ್ನು ಖಜಾನೆ ಇಲಾಖೆಯ ಫಿನ್‌ಸೆನ್ ಎಂಬ ವಿಭಾಗಕ್ಕೆ ಬೇರೆಯಾಗಿಯೇ ಸಲ್ಲಿಸಬೇಕು. ಈ ಮೊತ್ತ ದೊಡ್ಡದೇನಲ್ಲ. ಅಪ್ಪನ ಜೊತೆ 5 ಲಕ್ಷದ ಎಫ್‌ಡಿ, ಅಮ್ಮನ ಜೊತೆ 3 ಲಕ್ಷದ್ದು, ಹಳೆಯ ಉಳಿತಾಯ ಖಾತೆಯಲ್ಲಿ ಒಂದೂವರೆ ಲಕ್ಷ ಎಂದಿಟ್ಟುಕೊಳ್ಳಿ. ಡಾಲರಿಗೆ 85 ರೂಪಾಯಿ ಹಿಡಿದರೆ 11,000 ಡಾಲರ್ ದಾಟಿತು. ಜಂಟಿ ಖಾತೆಯಾದರೆ ನಿಮ್ಮ ಪಾಲು, ಅವರ ಪಾಲು ಅಂತ ಒಡೆಯುವಂತಿಲ್ಲ, ಪೂರ್ತಿ ಮೊತ್ತ ತೋರಿಸಬೇಕು. ದುಡ್ಡು ಅಪ್ಪಂದೇ ಆಗಿದ್ದರೂ ಅಷ್ಟೇ. ಇದರಿಂದ ತೆರಿಗೆ ಏಳುವುದಿಲ್ಲ, ಇದು ಬರೀ ಮಾಹಿತಿ. ಆದರೆ ಕೊಡದೆ ಬಿಟ್ಟರೆ ದಂಡ ಸಾವಿರಾರು ಡಾಲರ್. ಗೊತ್ತಿಲ್ಲದೆ ಬಿಟ್ಟವರಿಗೆ ಆ ದಂಡ ಖಾತೆಗೊಂದರಂತೆ ಅಲ್ಲ, ವರ್ಷದ ವರದಿಗೊಂದರಂತೆ ಎಂದು 2023ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಮೇಲೆ ಎಷ್ಟೋ ಜನ ನಿಟ್ಟುಸಿರು ಬಿಟ್ಟಿರಬೇಕು.

ನನ್ನನ್ನು ಕೇಳಿದರೆ, ಮಕ್ಕಳಿಗೆ ಸೇರಲಿ ಎಂಬುದಷ್ಟೇ ನಿಮ್ಮ ಆಸೆಯಾದರೆ ಅವರನ್ನು ನಾಮಿನಿ ಮಾಡಿ. ಬರೀ ನಾಮಿನಿಯಾಗಿದ್ದು ಖಾತೆಯಲ್ಲಿ ಸಹಿ ಮಾಡುವ ಅಧಿಕಾರ ಇಲ್ಲದಿದ್ದರೆ ಎಫ್‌ಬಿಎಆರ್ ಗೊಡವೆಯಿಲ್ಲ. ಸೈಟು ಮಾರಿ ಒಂದು ವರ್ಷದಲ್ಲಿ 1,00,000 ಡಾಲರ್‌ಗಿಂತ ಹೆಚ್ಚು ಉಡುಗೊರೆಯಾಗಿ ಕಳಿಸಿದರೂ ಅವರಿಗೆ ತೆರಿಗೆ ಬೀಳುವುದಿಲ್ಲ, ಆದರೆ ಅದನ್ನು ತಿಳಿಸುವ ಫಾರ್ಮ್ 3520 ಹಾಕಲೇಬೇಕು. ಕಳಿಸುವ ಮುಂಚೆ ತಿಳಿಸಿದರೆ ಅವರು ತಯಾರಾಗಿರುತ್ತಾರೆ.

ಈಗಾಗಲೇ ಹೆಸರು ಸೇರಿಸಿದ್ದರೆ ಜನವರಿಯಲ್ಲಿ ಬ್ಯಾಂಕಿಗೆ ಹೋಗಿ ಹಿಂದಿನ ಜನವರಿಯಿಂದ ಡಿಸೆಂಬರ್‌ವರೆಗಿನ ಸ್ಟೇಟ್‌ಮೆಂಟ್ ಕೇಳಿ. ಬ್ಯಾಂಕಿನವರು ರೂಢಿಯಂತೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಬಡ್ಡಿ ಸರ್ಟಿಫಿಕೇಟ್ ಕೊಡುತ್ತಾರೆ, ಇಲ್ಲಿಗೆ ಅದು ಹೊಂದುವುದಿಲ್ಲ. 2024ರ ಮಾರ್ಚ್ 31ಕ್ಕೆ ಜಮೆಯಾದ ಬಡ್ಡಿ ಇಲ್ಲಿನ 2024ರ ಲೆಕ್ಕಕ್ಕೆ ಸೇರುತ್ತದೆ, ಆದರೆ ಅದು ಕಾಣುವುದು 2023–24ರ ಸರ್ಟಿಫಿಕೇಟಿನಲ್ಲಿ. 2025ರ ಮಾರ್ಚ್ 31ರದ್ದು 2024–25ರ ಸರ್ಟಿಫಿಕೇಟಿನಲ್ಲಿದ್ದರೂ ಇಲ್ಲಿ 2024ಕ್ಕೆ ಬರುವುದಿಲ್ಲ. ಸ್ಟೇಟ್‌ಮೆಂಟ್ ಜೊತೆಗೆ ಪ್ರತಿ ಖಾತೆಯಲ್ಲಿ ವರ್ಷದೊಳಗೆ ಅತಿ ಹೆಚ್ಚು ಎಷ್ಟು ಇತ್ತು ಅನ್ನುವುದನ್ನೂ ಬರೆದು ಕಳಿಸಿ. ನಡುವೆ ಮುರಿಸಿದ ಎಫ್‌ಡಿ ಇದ್ದರೆ ಅದನ್ನೂ ಬಿಡಬೇಡಿ, ಆ ವರ್ಷಕ್ಕೆ ಅದೂ ಲೆಕ್ಕವೇ.