ಶಾಲೆಗೆ ವರ್ಷಾ ವರ್ಷಾ ಒಂದಿಷ್ಟು: ಒಹಾಯೋದಿಂದ ಸಿರ್ಸಿ ಕಡೆಯವರಿಗೆ

ಅಮೆರಿಕದ ಸರ್ಕಾರಿ ಶಾಲೆಗೆ ದುಡ್ಡಿಗೇನು ಕಡಿಮೆ, ಎಲ್ಲ ಸರ್ಕಾರವೇ ನೋಡಿಕೊಳ್ಳುತ್ತದೆ ಅಲ್ವಾ ಅಂತ ಸಿರ್ಸಿಗೆ ಬಂದಾಗೆಲ್ಲ ಯಾರಾದರೂ ಕೇಳುತ್ತಾರೆ. ಫೀಸು ಇಲ್ಲ ಅನ್ನೋದು ನಿಜ. ಪಠ್ಯಪುಸ್ತಕ ಶಾಲೆಯದ್ದೇ. ಬೆಳಿಗ್ಗೆ ಹಳದಿ ಬಸ್ಸು ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತದೆ. ಆದರೆ ನಾವಿರುವ ಒಹಾಯೋದ ಸಣ್ಣ ಊರಿನಲ್ಲಿ, ನನ್ನ ಮಗಳು ಹೋಗುವ ಪ್ರಾಥಮಿಕ ಶಾಲೆ ವರ್ಷವಿಡೀ ಒಂದಲ್ಲ ಒಂದು ಕಾರ್ಯಕ್ರಮ ಮಾಡಿ ದುಡ್ಡು ಕೂಡಿಸುತ್ತಲೇ ಇರುತ್ತದೆ. ಅದನ್ನು ಹತ್ತಿರದಿಂದ ನೋಡುತ್ತಾ, ಅದರಲ್ಲಿ ಕೈ ಹಾಕುತ್ತಾ, ನಮ್ಮೂರ ಕನ್ನಡ ಶಾಲೆಯ ಬಗ್ಗೆ ನನಗೆ ಅನ್ನಿಸಿದ್ದನ್ನು ಹೇಳಬೇಕು ಅಂತ ಬಹಳ ದಿನದಿಂದ ಇತ್ತು.

ಮೊದಲು ಇಲ್ಲಿ ಶಾಲೆಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಹೇಳುತ್ತೇನೆ. ಒಂದು ಪಾಲು ರಾಜ್ಯ ಸರ್ಕಾರದ್ದು. ಕೇಂದ್ರದಿಂದ ಬರೋದು ಕಡಿಮೆ. ಇನ್ನೊಂದು ದೊಡ್ಡ ಪಾಲು ಊರಿನವರ ಮನೆ, ಜಮೀನಿನ ಮೇಲಿನ ತೆರಿಗೆಯಿಂದ. ಆ ತೆರಿಗೆ ಹೆಚ್ಚಿಸಬೇಕು ಅಂದರೆ ಒಹಾಯೋದಲ್ಲಿ ಊರಿನವರ ಮುಂದೆ ವೋಟಿಗೆ ಇಡಬೇಕು. ಚುನಾವಣೆ ಬಂತೆಂದರೆ ಮನೆ ಮುಂದಿನ ಹುಲ್ಲಿನಲ್ಲಿ 'ಶಾಲೆಗೆ ಹೌದು ಅನ್ನಿ' ಅನ್ನುವ ಬೋರ್ಡುಗಳು ಏಳುತ್ತವೆ. ವೋಟು ಬೀಳದಿದ್ದರೆ ಚಿತ್ರಕಲೆ, ಸಂಗೀತ, ಬಸ್ಸು ಇಂಥವಕ್ಕೆ ಮೊದಲು ಕತ್ತರಿ. ಮನೆಗಳ ಬೆಲೆ ಜಾಸ್ತಿ ಇರುವ ಊರಿನ ಶಾಲೆಗೆ ದುಡ್ಡು ಜಾಸ್ತಿ, ಬಡ ಊರಿನ ಶಾಲೆಗೆ ಕಡಿಮೆ. ಹೀಗೆ ಆಸ್ತಿ ತೆರಿಗೆಯ ಮೇಲೆ ಇಷ್ಟೊಂದು ಭಾರ ಹಾಕಿದ್ದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ಒಹಾಯೋದ ಸುಪ್ರೀಂ ಕೋರ್ಟೇ 1997ರಲ್ಲಿ ತೀರ್ಪು ಕೊಟ್ಟಿತು. ಆದರೂ ಆ ಭಾರ ಇವತ್ತಿಗೂ ಇಳಿದಿಲ್ಲ.

ಹಾಗಾಗಿ ಸಂಬಳ, ಕಟ್ಟಡ, ಬಸ್ಸಿನ ಡೀಸೆಲ್ಲು ತೆರಿಗೆಯಿಂದ ನಡೆಯುತ್ತದೆ. ಮಕ್ಕಳು ನೆನಪಿಟ್ಟುಕೊಳ್ಳುವಂಥ ಸಣ್ಣ ಸಣ್ಣ ಸಂಗತಿಗಳಿಗೆ, ಅಂದರೆ ಪ್ರವಾಸ, ಲೈಬ್ರರಿಗೆ ಹೊಸ ಪುಸ್ತಕ, ಆಟದ ಬಯಲಿಗೆ ಚೆಂಡು, ಕತೆ ಹೇಳುವವರನ್ನು ಕರೆಸುವುದು, ಇದಕ್ಕೆಲ್ಲ ದುಡ್ಡು ಹೊಂದಿಸುವುದು ಪಿಟಿಎ. ಪಾಲಕರು, ಶಿಕ್ಷಕರು ಸೇರಿ ನಡೆಸುವ ಸಂಘ. ಇದರ ಮೂಲ ಹಳೆಯದು. 1897ರಲ್ಲಿ ವಾಷಿಂಗ್ಟನ್‌ನಲ್ಲಿ ಆಲಿಸ್ ಬರ್ನಿ, ಫೀಬಿ ಹರ್ಸ್ಟ್ ಎನ್ನುವ ಇಬ್ಬರು ಹೆಂಗಸರು ತಾಯಂದಿರ ಸಮ್ಮೇಳನ ಕರೆದದ್ದರಿಂದ ಶುರುವಾಯಿತು. ಹೆಂಗಸರಿಗೆ ದೇಶದಲ್ಲೆಲ್ಲ ವೋಟು ಸಿಕ್ಕಿದ್ದು ಅದಾಗಿ 23 ವರ್ಷಕ್ಕೆ, 1920ರಲ್ಲಿ. ವೋಟು ಇಲ್ಲದ ಕಾಲದಲ್ಲಿ ಆ ತಾಯಂದಿರು ಶಾಲೆಯ ವಿಚಾರಕ್ಕೆ ಒಟ್ಟುಗೂಡಿದರು ಅನ್ನೋದು ನನಗೆ ದೊಡ್ಡದಾಗಿ ಕಾಣುತ್ತದೆ.

ತಿಂಗಳಿಗೊಮ್ಮೆ ಸಂಜೆ ಶಾಲೆಯ ಲೈಬ್ರರಿಯಲ್ಲಿ ಮೀಟಿಂಗು. ಮಕ್ಕಳ ಕುರ್ಚಿಯಲ್ಲೇ ನಾವೆಲ್ಲ ಕೂರುತ್ತೇವೆ. ಖಜಾಂಚಿ ಬಂದವರೆಲ್ಲರ ಕೈಗೆ ಒಂದೊಂದು ಹಾಳೆ ಕೊಡುತ್ತಾಳೆ. ಹೋದ ತಿಂಗಳು ಬ್ಯಾಂಕಿನಲ್ಲಿ ಎಷ್ಟಿತ್ತು, ಎಷ್ಟು ಬಂತು, ಯಾವುದಕ್ಕೆ ಹೋಯಿತು, ಈಗ ಎಷ್ಟಿದೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಅಂಟಿಸುವ ಮಣಿಗೆ ಇಷ್ಟು, ಪೇಪರ್ ತಟ್ಟೆಗೆ ಇಷ್ಟು ಅಂತ ಬರೆದಿರುತ್ತದೆ. ಚೆಕ್ಕಿಗೆ ಇಬ್ಬರ ಸಹಿ. ಕಾರ್ಯಕ್ರಮದ ದಿನ ಬಂದ ರೊಕ್ಕವನ್ನು ಇಬ್ಬರು ಒಟ್ಟಿಗೇ ಕೂತು ಎಣಿಸಬೇಕು, ಒಬ್ಬರೇ ಎಣಿಸುವ ಹಾಗಿಲ್ಲ. ಯಾರ ಮೇಲೂ ಅನುಮಾನದಿಂದ ಅಲ್ಲ, ಯಾರ ಮೇಲೂ ಅನುಮಾನ ಬಾರದಿರಲಿ ಅಂತ. ಸಂಗೀತದ ಟೀಚರು ಮಕ್ಕಳಿಗೆ ಯುಕುಲೇಲೆ ಅನ್ನುವ ಪುಟ್ಟ ಗಿಟಾರು ಬೇಕು ಅಂತ ಕೇಳಿದರೆ ಅಲ್ಲೇ ಚರ್ಚೆ, ಅಲ್ಲೇ ಕೈ ಎತ್ತಿ ತೀರ್ಮಾನ. ನಿನ್ನೆ ಊರಿಗೆ ಬಂದವಳ ಕೈಗೂ ಅದೇ ಹಾಳೆ ಸಿಗುತ್ತದೆ.

ಕಾರ್ಯಕ್ರಮಗಳು ಸೆಪ್ಟೆಂಬರಿನಿಂದ ಶುರು. ಮೊದಲು ಓಟ. ಮಕ್ಕಳು ಬಯಲಿನಲ್ಲಿ ಸುತ್ತು ಹಾಕುತ್ತಾರೆ, ಅಜ್ಜ ಅಜ್ಜಿ, ಅಕ್ಕಪಕ್ಕದ ಮನೆಯವರು ಅವರ ಹೆಸರಿನಲ್ಲಿ ದುಡ್ಡು ಕೊಡುತ್ತಾರೆ. ಚಳಿ ಶುರುವಾಗುವ ಮುಂಚೆ ಒಂದು ಹಬ್ಬದಂಥ ಸಂಜೆ. ಅದರಲ್ಲಿ ಕೇಕ್ ವಾಕ್ ಅನ್ನುವ ಆಟ ನನ್ನ ಮಗಳಿಗೆ ಬಲು ಇಷ್ಟ. ನೆಲದ ಮೇಲೆ ವೃತ್ತದಲ್ಲಿ ಅಂಕಿ ಬರೆದಿರುತ್ತಾರೆ. ಹಾಡು ಹಾಕಿದಾಗ ಮಕ್ಕಳು ಅಂಕಿಗಳ ಮೇಲೆ ನಡೆಯುತ್ತಾರೆ, ಹಾಡು ನಿಂತಾಗ ಒಂದು ಚೀಟಿ ಎತ್ತುತ್ತಾರೆ. ಆ ಅಂಕಿಯ ಮೇಲೆ ನಿಂತ ಮಗುವಿಗೆ ಒಂದಿಡೀ ಕೇಕು. ಆ ಕೇಕು ಯಾವುದೋ ಮನೆಯ ಅಡಿಗೆಮನೆಯಿಂದ ಬಂದದ್ದು. ಪಕ್ಕದಲ್ಲೇ ತಿಂಡಿ ಮಾರುವ ಮೇಜು. ಅದಕ್ಕೆ ನಾನು ಕಾಯಿ ಬರ್ಫಿ ಮಾಡಿಕೊಡುತ್ತೇನೆ. ಏನೇನು ಹಾಕಿದ್ದೀರಿ ಅಂತ ಪ್ರತಿ ಡಬ್ಬಕ್ಕೂ ಚೀಟಿ ಅಂಟಿಸಲೇಬೇಕು. ಶೇಂಗಾ, ಗೋಡಂಬಿ ತಿಂದರೆ ಉಸಿರುಗಟ್ಟುವ ಮಕ್ಕಳು ಇಲ್ಲಿ ಅನೇಕ ಶಾಲೆಗಳಲ್ಲಿ ಇರುತ್ತಾರೆ. ಹಾಗಾಗಿ ಶೇಂಗಾ ಚಿಕ್ಕಿ ಒಯ್ಯುವ ಮಾತೇ ಇಲ್ಲ.

ಆಮೇಲೆ ಪುಸ್ತಕ ಮೇಳ. ಸ್ಕೊಲಾಸ್ಟಿಕ್ ಅನ್ನುವ ಪ್ರಕಾಶನದವರು ಗಾಲಿ ಇರುವ ದೊಡ್ಡ ಕಪಾಟುಗಳನ್ನು ತಂದಿಳಿಸುತ್ತಾರೆ. ಬಾಗಿಲು ತೆರೆದರೆ ಕಪಾಟೇ ಅಂಗಡಿ. ಮಾರಿದ್ದರಲ್ಲಿ ಶಾಲೆಗೆ ಪಾಲು ಉಂಟು. ಪುಸ್ತಕದ ರೂಪದಲ್ಲಿ ತೆಗೆದುಕೊಂಡರೆ ಪಾಲು ಇನ್ನೂ ಜಾಸ್ತಿ. ಗಲ್ಲಾಪೆಟ್ಟಿಗೆಯ ಹತ್ತಿರ ನಿಲ್ಲುವ ಕೆಲಸವನ್ನು ನಾನು ಇಷ್ಟಪಟ್ಟು ತೆಗೆದುಕೊಳ್ಳುತ್ತೇನೆ. ಒಮ್ಮೆ ಒಂದನೇ ಕ್ಲಾಸಿನ ಹುಡುಗನೊಬ್ಬ ಪ್ಲಾಸ್ಟಿಕ್ ಚೀಲದಲ್ಲಿ ಚಿಲ್ಲರೆ ತಂದಿದ್ದ. ಡೈನೋಸಾರಿನ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದ. ಎಣಿಸಿದರೆ ಅರ್ಧಕ್ಕೂ ಸಾಲದು. ಅದಕ್ಕೆಂದೇ ಗಲ್ಲಾದ ಪಕ್ಕ ಒಂದು ಗಾಜಿನ ಭರಣಿ ಇಟ್ಟಿರುತ್ತಾರೆ. ಪುಸ್ತಕ ಕೊಂಡ ಪಾಲಕರು ಉಳಿದ ಚಿಲ್ಲರೆಯನ್ನು ಅದಕ್ಕೆ ಹಾಕಿ ಹೋಗುತ್ತಾರೆ. ಅದರಿಂದ ತೆಗೆದು ಲೆಕ್ಕ ಸರಿ ಮಾಡಿದೆ, ಅವನ ಕೈಗೆ ರಸೀದಿಯನ್ನೂ ಕೊಟ್ಟೆ. ಹಿಂದೆ ನಿಂತ ಮಕ್ಕಳಿಗೆ ಏನೂ ಗೊತ್ತಾಗಲಿಲ್ಲ. ಕೊಡುವ ಈ ರೀತಿ ನನಗೆ ಬಹಳ ಹಿಡಿಸಿತು.

ವಸಂತದಲ್ಲಿ ಹರಾಜು. ಕುಮಟಾ, ಅಂಕೋಲಾ ಕಡೆ ಚೌತಿಯಲ್ಲಿ ಫಲಾವಳಿ ಸವಾಲು ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಗಣಪತಿಯ ಮುಂದೆ ಕಟ್ಟಿದ ಒಂದು ಕಾಯಿಗೆ ಸಾವಿರಗಟ್ಟಲೆ ಕೂಗುತ್ತಾರಲ್ಲ, ಭಾವ ಅದೇ. ಇಲ್ಲಿ ಕೂಗುವುದಿಲ್ಲ ಅಷ್ಟೆ. ಮೇಜಿನ ಮೇಲೆ ಸಾಮಾನು, ಅದರ ಮುಂದೆ ಹಾಳೆ, ಹಾಳೆಗೆ ದಾರ ಕಟ್ಟಿದ ಪೆನ್ನು. ಹಿಂದಿನವರು ಬರೆದದ್ದಕ್ಕಿಂತ ಹೆಚ್ಚು ಬರೆದು ಹೆಸರು ಹಾಕಬೇಕು. ಒಂದು ದಿನ ಪ್ರಿನ್ಸಿಪಾಲರ ಕುರ್ಚಿಯಲ್ಲಿ ಕೂರುವ ಅವಕಾಶ, ಮಕ್ಕಳ ಕಾರ್ಯಕ್ರಮಕ್ಕೆ ಮುಂದಿನ ಸಾಲಿನ ಸೀಟು, ಇಂಥವಕ್ಕೇ ಪೈಪೋಟಿ ಜೋರು. ನಾನು 'ಆರು ಜನಕ್ಕೆ ನಮ್ಮ ಮನೆಯಲ್ಲಿ ಊಟ' ಅಂತ ಇಟ್ಟೆ. ಮೆಕ್ಕೆಜೋಳ, ಸೋಯಾ ಬೆಳೆಯುವ ಒಬ್ಬ ರೈತ ಅದನ್ನು ಹಿಡಿದ. ಮನೆಮಂದಿಯನ್ನು ಕರೆದುಕೊಂಡು ಬಂದು ಅಪ್ಪೆಹುಳಿ ಕುಡಿದ, ತಂಬುಳಿ ಉಂಡ, ಅಮ್ಮ ಕಳಿಸಿದ್ದ ಹಲಸಿನ ಹಪ್ಪಳ ಮುರಿದು ಮುರಿದು ತಿಂದ. ಊಟ ಆದ ಮೇಲೆ ಅಡಿಕೆ ತೋಟದ ಫೋಟೋ ತೋರಿಸಿದೆ. ಅಷ್ಟು ಎತ್ತರದಿಂದ ಅಡಿಕೆ ಗೊನೆ ಇಳಿಸುವುದು ಹೇಗೆ, ಮಳೆಗಾಲದಲ್ಲಿ ಕೊಳೆ ರೋಗ ಬರದ ಹಾಗೆ ಔಷಧಿ ಹೊಡೆಯುವುದು ಹೇಗೆ ಅಂತ ರಾತ್ರಿ ಹತ್ತರವರೆಗೂ ಕೇಳಿದ. ಈಗ ಅವರ ಮನೆಯವರು ನಮಗೆ ನೆಂಟರಷ್ಟೇ ಹತ್ತಿರ. ದುಡ್ಡು ಶಾಲೆಗೆ ಹೋಯಿತು, ಪರಿಚಯ ನಮಗೆ ಉಳಿಯಿತು.

ಇದರಲ್ಲಿ ನನಗೆ ಒಪ್ಪಿಗೆ ಇಲ್ಲದ್ದೂ ಉಂಟು. ಇಷ್ಟು ದುಡ್ಡು ತಂದರೆ ಈ ಆಟಿಕೆ, ಅಷ್ಟು ತಂದರೆ ಆ ಆಟಿಕೆ ಅಂತ ಮಕ್ಕಳಿಗೆ ಆಸೆ ತೋರಿಸುವ ಪದ್ಧತಿ ಅನೇಕ ಕಡೆ ಇದೆ. ಅಜ್ಜ ಅಜ್ಜಿ ಹತ್ತಿರ ಇಲ್ಲದ, ಕೈಯಲ್ಲಿ ಕಾಸಿಲ್ಲದ ಮನೆಯ ಮಗು ಖಾಲಿ ಕೈಯಲ್ಲಿ ನಿಲ್ಲುತ್ತದೆ. ನಮ್ಮ ಮೀಟಿಂಗಿನಲ್ಲಿ ಇದರ ಮಾತು ಬಂದಾಗ ನಾನೂ ಎದ್ದು ಬೇಡ ಅಂದೆ. ಬಹುಮಾನ ಬಿಟ್ಟು, ಎಲ್ಲ ಮಕ್ಕಳಿಗೂ ಓಟದ ದಿನ ಐಸ್‌ಕ್ಯಾಂಡಿ ಅಂತ ತೀರ್ಮಾನವಾಯಿತು. ಇನ್ನೊಂದು, ಶ್ರೀಮಂತ ಬಡಾವಣೆಯ ಪಿಟಿಎ ಒಂದೇ ಸಂಜೆಯಲ್ಲಿ ಕೂಡಿಸುವ ಮೊತ್ತವನ್ನು ಬಡವರ ಓಣಿಯ ಶಾಲೆ ವರ್ಷವಿಡೀ ಓಡಾಡಿದರೂ ಕಾಣಲಾರದು. ಸರ್ಕಾರ ಮಾಡಬೇಕಾದ ಕೆಲಸವನ್ನು ಬರ್ಫಿ ಮಾರಿ ಮಾಡಲಿಕ್ಕಾಗುವುದಿಲ್ಲ. ಈ ಮಾತು ಅಲ್ಲಿಗೂ ಇಲ್ಲಿಗೂ ಒಂದೇ.

ಇನ್ನು ನಮ್ಮ ಕಡೆಗೆ ಬರುತ್ತೇನೆ. ಶಾಲೆಗೆ ಕೊಡುವುದನ್ನು ಉತ್ತರ ಕನ್ನಡದವರಿಗೆ ಯಾರೂ ಕಲಿಸಬೇಕಿಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯಲ್ಲಿ ಹೈಸ್ಕೂಲುಗಳನ್ನು ತೆರೆದರು. ಅದೇ ದಾರಿಯಲ್ಲಿ ಜಾಗ ಕೊಟ್ಟವರು, ಮರ ಕೊಟ್ಟವರು ಊರೂರಲ್ಲಿ ಇದ್ದರು. ನಮ್ಮ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಊರಿಗೇ ಹಬ್ಬ. ಅಡಿಕೆ ದಬ್ಬೆ, ಸೋಗೆಯ ಚಪ್ಪರ ಹಾಕಲು ಮನೆಗೊಂದು ಆಳು. ಮಾಸ್ತರರು, ಅಕ್ಕೋರು (ಶಿಕ್ಷಕಿಗೆ ನಮ್ಮ ಕಡೆ ಹೀಗೇ ಅನ್ನುವುದು) ತಿಂಗಳು ಮೊದಲಿಂದ ಮಕ್ಕಳಿಗೆ ಡಾನ್ಸು ಕಲಿಸುತ್ತಿದ್ದರು. ಮಕ್ಕಳದ್ದು ಮುಗಿದ ಮೇಲೆ ಹಳೆ ವಿದ್ಯಾರ್ಥಿಗಳ ನಾಟಕ, ಆಮೇಲೆ ಬೆಳತನಕ ಯಕ್ಷಗಾನ. ಶಾಲೆಯ ಸಹಾಯಾರ್ಥ ಅಂತ ಯಕ್ಷಗಾನದ ಆಟ ಆಡಿಸಿ ಟಿಕೆಟ್ಟಿನ ದುಡ್ಡಲ್ಲಿ ಕೋಣೆ ಕಟ್ಟಿಸಿದ ಊರುಗಳು ನಮ್ಮಲ್ಲಿ ಎಷ್ಟೋ. ಬಿಸಿಯೂಟಕ್ಕೆ ಇಂದಿಗೂ ತೋಟದ ಬಾಳೆಕಾಯಿ, ಸೌತೆಕಾಯಿ, ತೆಂಗಿನಕಾಯಿ ತಂದುಕೊಡುವವರಿದ್ದಾರೆ.

ಆದರೆ ನಾವು ಕೊಡುವ ರೀತಿಯನ್ನು ಸ್ವಲ್ಪ ನೋಡಿ. ನಮ್ಮ ಶಾಲೆಯ ಎರಡನೇ ಕೋಣೆಯ ಫ್ಯಾನಿನ ಮೂರು ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ದಾನಿಗಳ ಹೆಸರಿದೆ. ಕಪಾಟಿನ ಬಾಗಿಲ ಮೇಲೆ ಹೆಸರು, ಗಡಿಯಾರದ ಗಾಜಿನ ಮೇಲೆ ಹೆಸರು. ಅಪ್ಪನ ನೆನಪಿಗೆ, ಮಗನ ಉಪನಯನಕ್ಕೆ, ಶಾಲೆಯ ಶತಮಾನೋತ್ಸವಕ್ಕೆ ಅಂತ ಪ್ರೀತಿಯಿಂದ ಕೊಟ್ಟದ್ದು. ಆ ಫ್ಯಾನು ನಿಂತು ಎರಡು ಬೇಸಿಗೆ ಆಯಿತು. ನಿವೃತ್ತರಾದ ನಮ್ಮ ಮಾಸ್ತರರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದಿಷ್ಟು: "ತಂಗೀ, ಫ್ಯಾನ್ ಕೊಡೋರು ರಾಶಿ ಜನ ಇದ್ದ. ಅದು ಹಾಳಾದ್ರೆ ರಿಪೇರಿ ಮಾಡ್ಸೋರು ಯಾರೂ ಇಲ್ಲೆ."

ನಾನು ಹೇಳಬೇಕು ಅಂದುಕೊಂಡದ್ದು ಇದನ್ನೇ. ನಾವು ಜೀವಮಾನಕ್ಕೊಮ್ಮೆ ದೊಡ್ಡದಾಗಿ ಕೊಡುತ್ತೇವೆ. ಇಲ್ಲಿಯವರು ವರ್ಷಾ ವರ್ಷಾ ಸಣ್ಣದಾಗಿ, ಎಲ್ಲರೂ ಸೇರಿ ಕೊಡುತ್ತಾರೆ, ಲೆಕ್ಕ ಎಲ್ಲರಿಗೂ ತೋರಿಸುತ್ತಾರೆ. ಸಣ್ಣ ಶಾಲೆಗೆ ಬೇಕಾದದ್ದು ಎರಡನೆಯದು. ಘಟ್ಟದ ಮೇಲಿನ ನಮ್ಮ ಊರುಗಳಲ್ಲಿ ಮಕ್ಕಳೇ ಕಡಿಮೆ. ಹುಡುಗರೆಲ್ಲ ಬೆಂಗಳೂರಿಗೆ, ನಮ್ಮಂಥವರು ಇನ್ನೂ ದೂರಕ್ಕೆ. ಮನೆಯಲ್ಲಿ ಉಳಿದವರು ವಯಸ್ಸಾದವರು. ಬಿಸಿಯೂಟ, ಹಾಲು, ಪುಸ್ತಕ, ಸಮವಸ್ತ್ರ ಸರ್ಕಾರ ಕೊಡುತ್ತದೆ. ಆದರೆ ಶಾಲೆಯ ವರ್ಷದ ಖರ್ಚಿಗೆ ಬರುವ ಅನುದಾನ ಮಕ್ಕಳ ಸಂಖ್ಯೆ ನೋಡಿ ಬರುವಂಥದ್ದು. ಮಕ್ಕಳು ಕಡಿಮೆಯಾದರೆ ಅದೂ ಕಡಿಮೆ. ಹೆಂಚು ಮಾತ್ರ ಹತ್ತು ಮಕ್ಕಳಿದ್ದರೂ ನೂರು ಮಕ್ಕಳಿದ್ದರೂ ಮಂಗ ಹಾರಿದರೆ ಒಡೆಯುತ್ತದೆ.

ದುಡ್ಡು ನೋಡಿಕೊಳ್ಳಲು ಹೊಸ ಸಂಘ ಕಟ್ಟುವುದು ಬೇಡ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇದೆ. 2001ರಿಂದ ಕರ್ನಾಟಕದ ಪ್ರತಿ ಸರ್ಕಾರಿ ಶಾಲೆಯಲ್ಲೂ ಇದೆ. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಪಾಲಕರಿಗೆ ಕಾನೂನೇ ಕೊಟ್ಟ ಇಂಥ ಜಾಗ ನನ್ನ ಮಗಳ ಶಾಲೆಯಲ್ಲಿ ಇಲ್ಲ. ಇಲ್ಲಿ ಪಿಟಿಎ ನಡೆಯುವುದು ಪಾಲಕರ ಉಮೇದಿನ ಮೇಲೆ. ನಮ್ಮಲ್ಲಿ ಜಾಗ ಇದೆ, ಉಮೇದು ಬರಬೇಕು.

ನಮ್ಮ ಕ್ಲಾಸಿನವರು, ಸಿರ್ಸಿಯಲ್ಲಿ ಉಳಿದವರು, ಬೆಂಗಳೂರು ಸೇರಿದವರು, ಹೊರದೇಶಕ್ಕೆ ಬಂದವರು ಎಲ್ಲ ಸೇರಿ ಈಗ ಒಂದು ಕ್ರಮ ಹಾಕಿಕೊಂಡಿದ್ದೇವೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಏನೇನು ಬೇಕು ಅಂತ ಅಕ್ಕೋರೇ ಪಟ್ಟಿ ಕೊಡುತ್ತಾರೆ. ನಾವು ಅದಕ್ಕೆ ಸೇರಿಸುವುದೂ ಇಲ್ಲ, ತೆಗೆಯುವುದೂ ಇಲ್ಲ. ಒಬ್ಬರಿಗೆ ಭಾರ ಆಗದಷ್ಟು ಹಂಚಿಕೊಳ್ಳುತ್ತೇವೆ. ಖರ್ಚಾದ ಮೇಲೆ ರಸೀದಿಯ ಫೋಟೋ ಗುಂಪಿಗೆ ಬರುತ್ತದೆ, ಒಂದು ಪ್ರತಿ ಶಾಲೆಯ ಬೋರ್ಡಿಗೆ. ಯಾರ ಹೆಸರೂ ಎಲ್ಲೂ ಬರೆಸುವುದಿಲ್ಲ.

ಹೊರದೇಶದಲ್ಲಿರುವವರು ಒಂದು ಸಂಗತಿ ತಿಳಿದಿರಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಕಾನೂನು ಅದನ್ನು ವಿದೇಶಿ ದೇಣಿಗೆ ಅನ್ನುವುದಿಲ್ಲ. ಬೇರೆ ದೇಶದ ಪೌರರಾದವರು ಕೊಟ್ಟರೆ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಇಲ್ಲದ ಸಂಸ್ಥೆ ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ಅಕ್ಕೋರನ್ನು ತೊಂದರೆಗೆ ಸಿಕ್ಕಿಸಬೇಡಿ, ಮೊದಲೇ ವಿಚಾರಿಸಿಕೊಳ್ಳಿ. ಊರಿಗೆ ಬಂದಾಗ ಒಂದು ಮಧ್ಯಾಹ್ನ ಮಕ್ಕಳ ಜೊತೆ ಕೂತು ಪಾಠ ಮಾಡಲಿಕ್ಕೆ, ಗ್ಯಾದರಿಂಗಿಗೆ ಕುರ್ಚಿ ಹಾಕಲಿಕ್ಕೆ ಯಾವ ಅನುಮತಿಯೂ ಬೇಡ, ಅಕ್ಕೋರಿಗೆ ಒಂದು ಮಾತು ಹೇಳಿದರಾಯಿತು.

ಈ ವರ್ಷದ ಪಟ್ಟಿಯಲ್ಲಿ ನೀರಿನ ಫಿಲ್ಟರಿನ ಕ್ಯಾಂಡಲ್, ಎರಡು ಚೆಂಡು, ಸ್ಕಿಪಿಂಗ್ ಹಗ್ಗ, ಸಣ್ಣ ಕ್ಲಾಸಿನವರು ಆಡುತ್ತಾ ಕಲಿಯುವ ನಲಿ ಕಲಿ ಕೋಣೆಗೆ ಚಾಪೆ, ಗ್ಯಾದರಿಂಗ್ ದಿನಕ್ಕೆ ಮೈಕಿನ ಬಾಡಿಗೆ ಇದ್ದವು. ಕೊನೆಯ ಸಾಲಿನಲ್ಲಿ ಫ್ಯಾನ್ ರಿಪೇರಿ. ಅದನ್ನು ನಾನು ತೆಗೆದುಕೊಂಡಿದ್ದೇನೆ. ಚಾಪೆ ಇನ್ನೂ ಯಾರೂ ಹಿಡಿದಿಲ್ಲ. ನಮ್ಮ ಕ್ಲಾಸಿನವರು ಇದನ್ನು ಓದುತ್ತಿದ್ದರೆ ಗುಂಪಿನಲ್ಲಿ ತಿಳಿಸಿ. ಬೇರೆ ಊರಿನವರು ನಿಮ್ಮ ಶಾಲೆಯ ಅಕ್ಕೋರಿಗೆ ಒಂದು ಫೋನ್ ಮಾಡಿ ಈ ವರ್ಷ ಏನು ಬೇಕು ಅಂತ ಕೇಳಿ ನೋಡಿ.