ಪಾರೋ ಗದ್ದೆಯಲ್ಲಿ ಜಪಾನಿ ನಾಟಿ

ಭೂತಾನಿನ ಪಾರೋಗೆ ಹೋಗಿ ಟೈಗರ್ಸ್ ನೆಸ್ಟ್ ಬೌದ್ಧ ಮಠದ ಬೆಟ್ಟ ಹತ್ತದೆ ಬಂದರೆ ಜನ ನಮ್ಮನ್ನು ಒಂಥರಾ ನೋಡುತ್ತಾರೆ. ಅಮ್ಮನಿಗೆ ಮಂಡಿನೋವು. ಅವಳನ್ನು ಇಡೀ ದಿನ ಹೋಟೆಲಿನಲ್ಲಿ ಕೂರಿಸಿ ಹೋಗೋಕೆ ನನಗೂ ಮನಸ್ಸು ಬರಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಬೇರೆ ಒಂದು ಜಾಗ ನೋಡಬೇಕಿತ್ತು. ಡ್ರೈವರ್ ಹುಡುಗ ಗುಂಪಿನವರನ್ನು ಬೆಟ್ಟದ ಬುಡದಲ್ಲಿ ಇಳಿಸಿ ವಾಪಸ್ ಬಂದ ಮೇಲೆ, ಬೋಂಡೆಗೆ ಹೋಗೋಣ, ದಾಶೋ ನಿಶಿಯೋಕಾ ಅವರ ಚೋರ್ತೆನ್ ಹತ್ತಿರ, ಅಂದೆ. ಚೋರ್ತೆನ್ ಅಂದರೆ ಸ್ತೂಪ, ದಾಶೋ ಅನ್ನೋದು ಇಲ್ಲಿನ ಗೌರವ ಪದವಿ. ಅವನು ಕನ್ನಡಿಯಲ್ಲೇ ನನ್ನನ್ನು ನೋಡಿ ನಕ್ಕ. "ಅದನ್ನ ಜಪಾನಿನವರು ಕೇಳ್ತಾರೆ ಸರ್. ಇಂಡಿಯಾದವರು ಕೇಳಿದ್ದು ನಾನು ನೋಡಿಲ್ಲ."

"ಯಾರು ಮಾರಾಯ ಅದು?" ಅಂದಳು ಅಮ್ಮ.

ಜಪಾನಿನ ಕೃಷಿ ವಿಜ್ಞಾನಿ, ಎರಡು ವರ್ಷಕ್ಕೆ ಅಂತ ಇಲ್ಲಿಗೆ ಬಂದವರು 28 ವರ್ಷ ಉಳಿದುಬಿಟ್ಟರು ಅಂದೆ. "ಹೆಂಡತಿ ಏನು ಹೇಳಲಿಲ್ವಾ?" ಅನ್ನೋದು ಅವಳ ಮೊದಲ ಪ್ರಶ್ನೆ. ಹೆಂಡತಿ ಸತೋಕೋ ಕೂಡ 1964ರಲ್ಲಿ ಜೊತೆಗೇ ಬಂದಿದ್ದರು ಅಂದಾಗ ಸಮಾಧಾನವಾಯಿತು.

ಕೈಜಿ ನಿಶಿಯೋಕಾ ಹುಟ್ಟಿದ್ದು 1933ರಲ್ಲಿ. ಒಸಾಕಾದ ವಿಶ್ವವಿದ್ಯಾಲಯದಲ್ಲಿ ಕೃಷಿ ಓದಿದವರು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕಿದ್ದು ಸಸ್ಯವಿಜ್ಞಾನಿ ಸಸುಕೆ ನಕಾವೊ. ಈ ನಕಾವೊ 1958ರಲ್ಲೇ ಭೂತಾನ್ ಸುತ್ತಿ ಬಂದಿದ್ದರು. ಆಗ ಇಲ್ಲಿಗೆ ಹೊರಗಿನವರು ಬರುವುದೇ ಅಪರೂಪ. ಗುರುವಿನಿಂದ ಶಿಷ್ಯನಿಗೆ ಹಿಮಾಲಯದ ಹುಚ್ಚು ಹತ್ತಿತು. ಏಷ್ಯಾದ ದೇಶಗಳಿಗೆ ನೆರವು ಕೊಡುವ ಕೊಲಂಬೊ ಯೋಜನೆಯಡಿ ಭೂತಾನಿಗೆ ಒಬ್ಬ ಕೃಷಿ ತಜ್ಞ ಬೇಕು ಅಂದಾಗ ನಿಶಿಯೋಕಾ ಹೊರಟೇಬಿಟ್ಟರು. ಕಾಲವೂ ಚೆನ್ನಾಗಿರಲಿಲ್ಲ. ಅವರು ಬಂದ 1964ರಲ್ಲೇ, ಏಪ್ರಿಲ್‌ನಲ್ಲಿ, ಇಲ್ಲಿನ ಪ್ರಧಾನಿ ಜಿಗ್ಮೆ ಪಾಲ್ಡೆನ್ ದೋರ್ಜಿ ಅವರ ಕೊಲೆಯಾಗಿತ್ತು.

ಇಲ್ಲೊಂದು ವಿಷಯ ನಾವು ಭಾರತದವರು ಸ್ವಲ್ಪ ಮುಜುಗರದಿಂದಲೇ ಕೇಳಬೇಕು. ಆ ಕಾಲಕ್ಕೆ ಭೂತಾನಿನ ಕೃಷಿ ಇಲಾಖೆಯಲ್ಲಿ ಇದ್ದವರು ಹೆಚ್ಚಾಗಿ ನಮ್ಮವರೇ. ಜಪಾನಿನಿಂದ ಬಂದ ಈ ಯುವಕನ ಮೇಲೆ ಅವರಿಗೆ ಅಂಥ ನಂಬಿಕೆ ಇರಲಿಲ್ಲ. ಕೊಟ್ಟಿದ್ದು ಸಣ್ಣ ತುಂಡು ಜಮೀನು. ಕೆಲಸಕ್ಕೆ ಅಂತ ಕೊಟ್ಟಿದ್ದು ಮೂರು ಜನ ಹುಡುಗರು, ಅವರಿಗಿನ್ನೂ ಮೀಸೆಯೂ ಬಂದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅರ್ಜಿ ಬರೆಯುತ್ತಾ ಕೂರುತ್ತಿದ್ದರು. ಇವರು ಅಲ್ಲೇ ಜಪಾನಿನ ಮೂಲಂಗಿ ಬಿತ್ತಿದರು.

ಮೂಲಂಗಿ ಆರಿಸಿದ್ದೇ ಜಾಣತನ ಅಂತ ನನಗನ್ನಿಸುತ್ತದೆ. ಬೇಗ ಬರುವ ಬೆಳೆ. ಕಿತ್ತು ಎತ್ತಿ ಹಿಡಿದರೆ ದೂರದಲ್ಲಿರುವವನಿಗೂ ಕಾಣುತ್ತದೆ. ಭೂತಾನಿನ ಅಡುಗೆಮನೆಗೆ ಮೂಲಂಗಿ ಹೊಸದೇನೂ ಅಲ್ಲ, ಇಷ್ಟು ದಪ್ಪದ್ದು ಮಾತ್ರ ಹೊಸದು. ಆ ತುಂಡು ಜಮೀನಿನಲ್ಲಿ ಬಂದ ಬೆಳೆ ನೋಡಿದ ಮೇಲೆ ಆಗಿನ ದೊರೆ, ಮೂರನೇ ರಾಜ, ಬೋಂಡೆಯಲ್ಲಿ ದೊಡ್ಡ ಜಾಗ ಕೊಡಿಸಿದರು. ಅದೇ ಬೋಂಡೆ ಫಾರ್ಮ್. ಭೂತಾನಿನ ತರಕಾರಿ ಬೇಸಾಯ, ಬೀಜೋತ್ಪಾದನೆ, ಯಂತ್ರ ಬಳಕೆ ಎಲ್ಲಕ್ಕೂ ಬುನಾದಿ ಬಿದ್ದಿದ್ದು ಅಲ್ಲಿ.

ಕಾರು ವಿಮಾನ ನಿಲ್ದಾಣದ ಪಕ್ಕದಲ್ಲೇ ಸಾಗಿತು. ಪಾರೋ ಕಣಿವೆಯಲ್ಲಿ ಸಪಾಟು ಜಾಗ ಕಡಿಮೆ. ಇರುವುದರಲ್ಲಿ ಒಂದಷ್ಟು ರನ್‌ವೇಗೆ ಹೋಗಿದೆ, ಉಳಿದದ್ದು ಗದ್ದೆ. ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ, ಕೊಯ್ಲು ನಡೆಯುತ್ತಿತ್ತು. ಇಲ್ಲಿನ ಉಡುಗೆ ಕಿರಾ ಉಟ್ಟ ಹೆಂಗಸರು ಸಾಲಾಗಿ ಕೂತು ಕೆಂಪಕ್ಕಿಯ ಭತ್ತ ಕೊಯ್ಯುತ್ತಿದ್ದರು. ಅಮ್ಮ ಕಾರು ನಿಲ್ಲಿಸು ಅಂದಳು. ಇಳಿದು ಗದ್ದೆಯ ಅಂಚಿನಲ್ಲಿ ನಿಂತು ಕೂಳೆ ನೋಡತೊಡಗಿದಳು.

"ಇದು ಹಗ್ಗ ಹಿಡಿದು ನೆಟ್ಟಿದ್ದು," ಅಂದಳು. "ಆ ಪಕ್ಕದ್ದು ನೋಡು, ಅದು ಸುಮ್ನೆ ಕೈಗೆ ಬಂದ ಹಾಗೆ ನೆಟ್ಟಿದ್ದು."

ಹೌದು, ಈ ಗದ್ದೆಯ ಕೂಳೆ ನೇರ ಸಾಲಿನಲ್ಲಿತ್ತು. ಪಕ್ಕದ್ದು ಚೆಲ್ಲಾಪಿಲ್ಲಿ. ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಲ್ಲಿ ಇದಕ್ಕೆ ಜಪಾನಿ ನಾಟಿ ಅನ್ನುತ್ತಿದ್ದರಂತೆ. 1953ರಲ್ಲಿ ನಮ್ಮ ಸರ್ಕಾರ ದೇಶದ ತುಂಬ ಜಪಾನ್ ಪದ್ಧತಿಯ ಭತ್ತದ ಬೇಸಾಯದ ಪ್ರಚಾರ ಶುರು ಮಾಡಿತು. ಏರು ಮಡಿಯಲ್ಲಿ ಸಸಿ ಬೆಳೆಸಬೇಕು. ಹಗ್ಗ ಹಿಡಿದು ಸಾಲಿನಲ್ಲಿ, ಅಂತರ ಬಿಟ್ಟು ನೆಡಬೇಕು. ಆಮೇಲೆ ಸಾಲಿನ ನಡುವೆ ಕಳೆ ತೆಗೆಯುವ ಗಾಲಿ ಯಂತ್ರ ಓಡಿಸಬೇಕು. "ಅಪ್ಪನ ಹತ್ತಿರ ಆ ಗಾಲಿ ಇತ್ತು. ನಾವು ಮಕ್ಕಳು ಅದನ್ನ ಅಂಗಳದಲ್ಲಿ ಓಡಿಸಿ ಬೈಸಿಕೊಳ್ತಿದ್ವಿ. ನಾಟಿಗೆ ಬರೋ ಹೆಂಗಸರಿಗಂತೂ ಹಗ್ಗ ಕಂಡರೇ ಆಗ್ತಿರಲಿಲ್ಲ. ಕೆಲಸ ಸಾಗಲ್ಲ ಅಂತ."

ಭೂತಾನಿನಲ್ಲೂ ಇದೇ ಕಥೆ. ಸಾಲು ನಾಟಿಗೆ ರೈತರನ್ನು ಒಪ್ಪಿಸೋಕೆ ನಿಶಿಯೋಕಾಗೆ ವರ್ಷಗಳೇ ಹಿಡಿದವು. ಅವರು ಒತ್ತಾಯ ಮಾಡಲಿಲ್ಲ. ತಮ್ಮ ಫಾರ್ಮಿನಲ್ಲಿ ಮಾಡಿ ತೋರಿಸಿದರು, ನೋಡಿದವರು ಒಬ್ಬೊಬ್ಬರಾಗಿ ಬಂದರು.

ಚೋರ್ತೆನ್ ಇರುವುದು ಬೋಂಡೆಯ ಗದ್ದೆಗಳ ಮೇಲ್ಭಾಗದಲ್ಲಿ. ಸುಣ್ಣ ಬಳಿದ ಚೌಕ ಸ್ತೂಪ, ಮೇಲೆ ಕೆಂಪು ಪಟ್ಟಿ. ನಾನು ಇನ್ನೂ ದೊಡ್ಡದೇನೋ ಇರುತ್ತೆ ಅಂದುಕೊಂಡಿದ್ದೆ. ಡ್ರೈವರ್ ಎಡಗಡೆಯಿಂದ ಸುತ್ತು ಹಾಕಿದ, ನಾವೂ ಹಿಂದೆಯೇ ಹೋದೆವು. ಅಮ್ಮ ಚಪ್ಪಲಿ ಬಿಟ್ಟಳು. ಬೇಡ ಆಂಟಿ, ಇಲ್ಲಿ ಬಿಡಬೇಕಾಗಿಲ್ಲ ಅಂತ ಅವನು ಹೇಳಿದರೂ ಕೇಳಲಿಲ್ಲ.

ಅವನ ಊರು ಝೆಮ್‌ಗಾಂಗ್ ಜಿಲ್ಲೆಯಂತೆ. ಅದಕ್ಕೇ ಇರಬೇಕು, ಅವನಿಗೆ ಬೋಂಡೆಗಿಂತ ಪಾನ್‌ಬಾಂಗ್ ಕಥೆ ಹೇಳೋದರಲ್ಲೇ ಜಾಸ್ತಿ ಆಸಕ್ತಿ. ನನಗೂ ಅದೇ ಬೇಕಿತ್ತು. ಪಾನ್‌ಬಾಂಗ್ ದಕ್ಷಿಣದಲ್ಲಿ, ಅಸ್ಸಾಂ ಗಡಿಗೆ ತಾಗಿದ ಕಾಡು. ಅಲ್ಲಿನ ಜನ ಕುಮರಿ ಮಾಡುತ್ತಿದ್ದರು. ಕಾಡು ಕಡಿದು, ಸುಟ್ಟು, ಬಿತ್ತಿ, ಮುಂದಿನ ಜಾಗಕ್ಕೆ ಹೋಗುವುದು. 1976ರಿಂದ 1980ರ ತನಕ ನಿಶಿಯೋಕಾ ಕೆಲಸ ಮಾಡಿದ್ದು ಅಲ್ಲಿ. ಹೊಳೆ ದಾಟಲು 17 ತೂಗುಸೇತುವೆ ಕಟ್ಟಿಸಿದರು. ನೀರಿಗೆ ನೂರಾರು ಸಣ್ಣ ಕಾಲುವೆ ತೋಡಿಸಿದರು. ದೊಡ್ಡ ಅಣೆಕಟ್ಟಿಗೆ ಕೈ ಹಾಕಲಿಲ್ಲ. ಊರಿನವರೇ ಕಟ್ಟಿ, ಕೆಟ್ಟರೆ ಊರಿನವರೇ ರಿಪೇರಿ ಮಾಡುವಂಥದ್ದೇ ಆಗಬೇಕು ಅನ್ನುವುದು ಅವರ ಲೆಕ್ಕ. ನಮ್ಮ ಸುಳ್ಯದ ಗಿರೀಶ್ ಭಾರದ್ವಾಜ್ ಪಯಸ್ವಿನಿ ಹೊಳೆಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದ್ದು 1989ರಲ್ಲಿ. ಒಬ್ಬರಿಗೊಬ್ಬರು ಗೊತ್ತಿಲ್ಲದ ಈ ಇಬ್ಬರೂ ಕೂತು ಮಾತಾಡಿದ್ದರೆ ಚೆನ್ನಾಗಿರುತ್ತಿತ್ತು ಅಂತ ನನ್ನ ಆಸೆ.

ಕುಮರಿ ಬಿಡಿಸಿ ಗದ್ದೆ ಮಾಡಿಸಿದ್ದು ಪೂರ್ತಿ ಸರಿಯಾ ಅನ್ನೋ ಅನುಮಾನ ನನಗೆ ಹೋಗಿಲ್ಲ. ಕಾಡಿಗೆ ಮತ್ತೆ ಚಿಗುರಲು ಸಮಯ ಕೊಟ್ಟರೆ ಕುಮರಿ ಅಷ್ಟೇನೂ ಕೆಟ್ಟದ್ದಲ್ಲ ಅನ್ನುವವರು ಇದ್ದಾರೆ. ಆದರೆ ಬಿಡಿಸಿದ ರೀತಿ ನೋಡಬೇಕು. ನಮ್ಮ ಕೆನರಾ ಕಾಡುಗಳಲ್ಲಿ ಬ್ರಿಟಿಷರು ಕುಮರಿ ನಿಲ್ಲಿಸಿದ್ದು ಕಾನೂನಿನ ಜೋರಿನಿಂದ. ನಿಶಿಯೋಕಾ ಹಳ್ಳಿಯವರ ಜೊತೆ ಕೂತು, ಸಭೆಯ ಮೇಲೆ ಸಭೆ ಮಾಡಿದರು. "ನಮ್ಮಜ್ಜಿ ಹೇಳ್ತಾರೆ, ಅವರು ಘೋ ಹಾಕ್ಕೊಂಡು ನಮ್ಮವರ ಹಾಗೇ ಇರ್ತಿದ್ರಂತೆ," ಅಂದ ಡ್ರೈವರ್ ಹುಡುಗ. ಘೋ ಇಲ್ಲಿನ ಗಂಡಸರ ಉಡುಗೆ. 1980ರಲ್ಲಿ ನಾಲ್ಕನೇ ರಾಜ ಅವರಿಗೆ ದಾಶೋ ಪದವಿ ಕೊಟ್ಟರು. ವಿದೇಶದವರಿಗೆ ಸಿಗುವಂಥ ಗೌರವವಲ್ಲ ಅದು.

ತೀರಿಕೊಂಡಿದ್ದು 1992ರ ಮಾರ್ಚ್‌ನಲ್ಲಿ, ಭೂತಾನಿನಲ್ಲೇ. 59 ವರ್ಷ, ಅಷ್ಟೇ. ಸರ್ಕಾರವೇ ಮುಂದೆ ನಿಂತು, ಇಲ್ಲಿನ ಬೌದ್ಧ ಪದ್ಧತಿಯಂತೆ ಅಂತ್ಯಕ್ರಿಯೆ ಮಾಡಿತು. ಸಾವಿರಾರು ಜನ ಸೇರಿದ್ದರು.

ಇಳಿದು ಬರುವಾಗ ಅಮ್ಮ ಮತ್ತೆ ಅದೇ ಗದ್ದೆಯ ಹತ್ತಿರ ನಿಂತಳು. ಕೊಯ್ಲಿನ ಹೆಂಗಸೊಬ್ಬಳು ಚಹಾ ಕುಡಿಯುತ್ತಾ ಕೂತಿದ್ದಳು. ಕಳೆಗೆ ಏನು ಮಾಡ್ತೀರಿ ಅಂತ ಕೇಳು ಅಂತ ಡ್ರೈವರಿಗೆ ಅಪ್ಪಣೆಯಾಯಿತು. ಕಳೆನಾಶಕ ಹಾಕುತ್ತಾರಂತೆ. ಆದರೆ ಶೋಚುಮ್ ಅಂತ ಒಂದು ನೀರುಕಳೆ ಇದೆಯಂತೆ, ಅದು ಮದ್ದಿಗೆ ಬಗ್ಗಲ್ಲ, ಕೈಯಲ್ಲೇ ಕೀಳಬೇಕು.

"ಗಾಲಿ ಇಲ್ವಾ?"

ಮನೆಯಲ್ಲಿದೆ, ಓಡಿಸುವವರಿಲ್ಲ. ಮಗ ಆಸ್ಟ್ರೇಲಿಯಾದಲ್ಲಿ, ಮಗಳು ಥಿಂಪುವಿನಲ್ಲಿ. ಅಮ್ಮ ನನ್ನ ಕಡೆ ನೋಡಿದಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ನಾನು. ಬೇರೆ ಕಡೆ ಮುಖ ಮಾಡಿದೆ.

ಆಮೇಲೆ ಆಳಿನ ಕೂಲಿಯ ಮಾತು ಶುರುವಾಯಿತು. ಮಧ್ಯಾಹ್ನದ ಊಟ ಸೇರಿಯಾ, ಬಿಟ್ಟಾ, ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು. ಇಲ್ಲಿನ ಒಂದು ನ್ಗುಲ್ಟ್ರಮ್ ಅಂದರೆ ನಮ್ಮ ಒಂದು ರೂಪಾಯಿಯೇ, ಹಾಗಾಗಿ ಅಮ್ಮನಿಗೆ ಲೆಕ್ಕ ಸುಲಭ. ನಮ್ಮೂರಿಗಿಂತ ಜಾಸ್ತಿ ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಬೆಟ್ಟ ಇಳಿದವರು ಗಾಡಿ ಎಲ್ಲಿ ಅಂತ ಡ್ರೈವರಿಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದರು. "ಹತ್ತು ನಿಮಿಷ ತಡಿ ಅಂತ ಹೇಳು," ಅಂದಳು ಅಮ್ಮ, "ಇವಳು ಭತ್ತದ ರೇಟು ಇನ್ನೂ ಹೇಳಿಲ್ಲ."