ಕಾರ್ಟೂನ್ ನೋಡೋರು ಯಾರು?

ಅಮೆರಿಕದಲ್ಲಿರೋ ಗೆಳೆಯ ಇವತ್ತು ತನ್ನ ಟಿವಿಯ ಒಂದು ಹಳೇ ಫೋಟೊ ಕಳಿಸಿದ್ದ. ಕಾರ್ಟೂನಿನ ಪುಟ್ಟ ವಿಜ್ಞಾನಿ ಡೆಕ್ಸ್‌ಟರ್‌ನ ಲ್ಯಾಬಿಗೆ ಅಕ್ಕ ಡೀಡೀ ನುಗ್ಗಿದ್ದಾಳೆ. ಬೆರಳು ಬಟನ್ ಮೇಲೆ. ಇನ್ನೇನು, ಎಲ್ಲಾ ಢಮಾರ್.

ಮಜಾ ಏನಂದ್ರೆ, ಅದು ಬಂದಿದ್ದು ಅಡಲ್ಟ್ ಸ್ವಿಮ್‌ನಲ್ಲಿ! ಕಾರ್ಟೂನ್ ನೆಟ್‌ವರ್ಕ್ ಚಾನೆಲ್ಲಿನಲ್ಲೇ ರಾತ್ರಿ ಹೊತ್ತು ದೊಡ್ಡವರಿಗೆ ಅಂತ ಇದ್ದದ್ದು ಅದು. 2023ರ ಆಗಸ್ಟ್‌ನಲ್ಲಿ ಸಂಜೆ 5ಕ್ಕೇ ಶುರುವಾಯಿತು. ಮೊದಲ ಒಂದಷ್ಟು ಹೊತ್ತು ಹಳೇ ಕಾರ್ಟೂನುಗಳು, ‘ಚೆಕರ್ಡ್ ಪಾಸ್ಟ್’ ಅನ್ನೋ ಹೆಸರಲ್ಲಿ. ಮಕ್ಕಳ ಸಂಜೆಯನ್ನ ಅವರ ಅಪ್ಪ ಅಮ್ಮನ ವಯಸ್ಸಿನವರಿಗೆ ಬಿಟ್ಟುಕೊಟ್ಟ ಹಾಗೆ. ಮಕ್ಕಳು ಹೇಗೂ ಯೂಟ್ಯೂಬ್‌ನಲ್ಲಿದ್ದಾರೆ, ಬಿಡಿ.

ಹಳೇದನ್ನ ಹಾಕೋದು ತಪ್ಪು ಅಂತಲ್ಲ. 1992ರಲ್ಲಿ ಆ ಚಾನೆಲ್ ಶುರುವಾಗಿದ್ದೇ ಟಾಮ್ ಅಂಡ್ ಜೆರಿ, ಹ್ಯಾನಾ ಬಾರ್ಬೆರಾ ಸ್ಟುಡಿಯೋದ ಕಾರ್ಟೂನುಗಳಂಥ ಹಳೇ ಸರಕಿನಿಂದ. ಆದರೆ ಆಗ ಅದು ಬಂಡವಾಳ. ಅದರ ಮೇಲೆ ನಿಂತು 1996ರಲ್ಲಿ ಡೆಕ್ಸ್‌ಟರ್‌ನಂಥ ಹೊಸಬರನ್ನ ತಂದರು. ಈಗ? ಹಗಲೆಲ್ಲಾ ‘ಟೀನ್ ಟೈಟನ್ಸ್ ಗೋ’ ಮೇಲೆ ‘ಟೀನ್ ಟೈಟನ್ಸ್ ಗೋ’ ಹಾಕಿದ ಕಾಲವನ್ನೂ ನೋಡಿದ್ದಾಯಿತು.

ನನಗೂ ಖುಷಿನೇ, ಸುಳ್ಳು ಯಾಕೆ ಹೇಳಲಿ. ಆದರೆ ಈಗಿನ ಮಕ್ಕಳು ನಲವತ್ತಕ್ಕೆ ಬಂದಾಗ ಇವರು ಏನನ್ನ ಮರುಪ್ರಸಾರ ಮಾಡ್ತಾರೆ?